ಖಾತುಮಾ ಹೇಳಿದ ಕೊರಿಯಾ

ಈ ಸಲದ ಮಳೆಗಾಲದಲ್ಲಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಾಗಲಕೋಟೆಗೆ, ಮಗಳ ಮನೆಗೆ ಹೋಗಿದ್ದೆ. ಒಂದು ಕಣ್ಣಿಗೆ ಪಟ್ಟಿ, ಅದರ ಮೇಲೆ ಕರಿ ಕನ್ನಡಕ. ಟಿವಿ ನೋಡಬಾರದು ಎಂದು ಡಾಕ್ಟರು ಹೇಳಿದ್ದರು. ಕೇಳಬಾರದು ಎಂದು ಹೇಳಿರಲಿಲ್ಲ. ನವನಗರದ ಆ ಮನೆಯಲ್ಲಿ ಕೇಳಲು ಬೇರೆ ಏನೂ ಇರಲಿಲ್ಲ. ಕೋಳಿ ಇಲ್ಲ, ದನ ಇಲ್ಲ, ಜಗಳವೂ ಇಲ್ಲ. ಪಕ್ಕದ ಮನೆಯವರ ಹೆಸರು ನನ್ನ ಮಗಳಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಮೊಮ್ಮಗಳು ಕಾಲೇಜಿನಿಂದ ಬಂದು ಟಿವಿ ಹಚ್ಚಿದಳು. ಒಂದು ಸೀಟಿಯ ದನಿ ಶುರುವಾಯಿತು. ಯಾರೋ ಸಂದಿಯಲ್ಲಿ ನಡೆದುಹೋಗುತ್ತಾ, ಮನೆ ಮುಟ್ಟುವ ಅವಸರವಿಲ್ಲದೆ ಸೀಟಿ ಹೊಡೆದಂತೆ. ನಾನು ಎದ್ದು ಕೂತೆ.

“ಇದು ಕೊರಿಯಾದ್ದಲ್ಲೇನ?”

“ಹೌದ ಆಯಿ! ನಿನಗ ಹೆಂಗ ಗೊತ್ತಾತು?”

“ಓಣ್ಯಾಗಿನ ಜಗಳ ಬಿಡಸೂ ಕಚೇರಿ. ಉದ್ದ ಕುತ್ತಿಗಿ ಹೆಣಮಗಳು, ಕೈಯಾಗ ಯಾವಾಗ್ಲೂ ಒಂದು ಕೊಡೆ. ಅಕಿ ಹಿಂದ ಟೊಪಗಿ ಹಾಕ್ಕೊಂಡ ಮುದುಕ.”

ಮೊಮ್ಮಗಳಿಗೆ ನಗೆ ತಡೆಯಲಿಲ್ಲ. ಈಗ ಅದು ಕನ್ನಡದಲ್ಲಿ ಬಂದಿದೆಯಂತೆ. ಕನ್ನಡವೇನೋ ಹೌದು. ಆದರೆ ಆ ಟೊಪ್ಪಿಗೆಯ ಮುದುಕ, “ಏನಮ್ಮಾ, ನಿಮ್ಮ ನಾಯಿ ಯಾಕಮ್ಮಾ ಹೀಗೆ ಬೊಗಳುತ್ತೆ?” ಎಂದು ಮೈಸೂರಿನವನ ಹಾಗೆ ಕೇಳುತ್ತಿದ್ದ. ಅದಕ್ಕಿಂತ ಅವನು ಕೊರಿಯಾದವನಾಗಿದ್ದಾಗಲೇ ನಮಗೆ ಹತ್ತಿರದವನಾಗಿದ್ದ.

“ಮ್ಯಾಲಿನ ಮನಿ ಸಪ್ಪಳಕ್ಕ ಕೆಳಗಿನ ಮನ್ಯಾಕಿಗೆ ನಿದ್ದಿ ಬರೂದಿಲ್ಲಲ್ಲ, ಅದನ್ನ ಹಚ್ಚು,” ಎಂದೆ. “ಕಡೀಕ ಕೆಳಗಿನಾಕಿ ಮ್ಯಾಲಿನಾಕಿ ಮನ್ಯಾಗ ಉಣ್ಣಾಕ ಹೋಗತಾಳ ನೋಡು, ಅಲ್ಲೀತನಾ.”

ಹುಡುಕಿ ಹಚ್ಚಿದಳು. ಮೇಲಿನ ಮನೆಯ ಮಗು ಓಡಿತು, ಕೆಳಗಿನವಳು ಅತ್ತಳು, ಕಚೇರಿಯ ಹೆಣ್ಣುಮಗಳು ಬಂದಳು. ಮಗುವಿಗೆ ಮೆತ್ತನೆಯ ಚಪ್ಪಲಿ ಕೊಟ್ಟಳು, ನೆಲಕ್ಕೆ ದಪ್ಪ ಚಾಪೆ ಹಾಸಲು ಹೇಳಿದಳು. ಇಬ್ಬರೂ ಒಪ್ಪಿಕೊಂಡರು. ಮತ್ತೆ ಆ ಸೀಟಿ.

“ಊಟ ಎಲ್ಲಿ ಹೋತು? ಕತ್ತರಿಸ್ಯಾರೇನು?”

“ಯಾವ ಊಟ ಆಯಿ? ಪೂರಾ ಇಷ್ಟ ಐತಿ.”

ಹೊರಗೆ ಮಳೆ ಹಿಡಿದಿತ್ತು. ಕರಿ ಕನ್ನಡಕದ ಹಿಂದೆ ಹಗಲೋ ಸಂಜೆಯೋ ತಿಳಿಯುತ್ತಿರಲಿಲ್ಲ. ಊಟ ಇಲ್ಲವೆಂದರೆ ಅದನ್ನು ಊರಲ್ಲಿ ನನ್ನ ಪಕ್ಕದ ಮನೆಯ ಖಾತುಮಾ ತಾನೇ ಹುಟ್ಟಿಸಿ ಹೇಳಿದ್ದಳು ಎಂದಾಯಿತು. ಹಾಗೆ ಕೂತಲ್ಲೇ ನಮ್ಮೂರು ಚೊಳಚಗುಡ್ಡದ ಆ ಶ್ರಾವಣ ಹೊಗೆಯ ಹಾಗೆ ಬಂದು ನನ್ನ ಸುತ್ತ ತುಂಬಿಕೊಂಡಿತು.

ನನ್ನ ಕೆಲಸ ರೊಟ್ಟಿಯದು. ಮನೆಯಲ್ಲಿ ರೊಟ್ಟಿ ಬಡಿದು, ಬುಟ್ಟಿಯಲ್ಲಿಟ್ಟು, ಬನಶಂಕರಿಯ ಹೊಂಡದ ದಂಡೆಯಲ್ಲಿ ಬೇವಿನ ಗಿಡದ ಕೆಳಗೆ ಕೂತು, ದೇವರಿಗೆ ಬಂದವರಿಗೆ ಉಣಬಡಿಸುವುದು. ರೊಟ್ಟಿ, ಮಡಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಡಿಗೆಯ ಮೊಸರು. ಗಿಡದ ಕೆಳಗಿನ ಜಾಗ ಯಾರ ಹೆಸರಿಗೂ ಇಲ್ಲ. ಮೊದಲು ಬಂದು ಬುಟ್ಟಿ ಇಳಿಸಿದವಳದೇ ಜಾಗ. ಆದ್ದರಿಂದ ಕೋಳಿ ಕೂಗುವುದಕ್ಕೆ ಮೊದಲೇ ಒಲೆ ಹೊತ್ತಬೇಕು, ಹೊತ್ತೇರುವುದರೊಳಗೆ ಹಿಟ್ಟು ಮುಗಿಯಬೇಕು.

ಖಾತುಮಾಬಿ ನನ್ನ ಗೋಡೆಯ ಆಚೆಯವಳು. ಹಿಂದೆ ಅದೆಲ್ಲ ಒಂದೇ ಮನೆಯಾಗಿತ್ತು. ಯಾರೋ ಅಣ್ಣತಮ್ಮಂದಿರು ಪಾಲಾದಾಗ ನಡುವೆ ಗೋಡೆ ಎದ್ದಿತಂತೆ. ಒಂದು ಪಾಲು ನಮ್ಮ ಮಾವನವರು ಕೊಂಡರು, ಇನ್ನೊಂದನ್ನು ಅವಳ ಮಾವ. ಗೋಡೆ ಕಟ್ಟಿದವರು ನೆಲ ಒಡೆಯಲಿಲ್ಲ. ನಾನು ರೊಟ್ಟಿ ಬಡಿಯುವ ಹಾಸುಗಲ್ಲು ಗೋಡೆಯ ಕೆಳಗಿನಿಂದ ಹಾಗೇ ಅವಳ ಹಿಂದಿನ ಕೋಣೆಯ ತನಕ ಹೋಗಿದೆ. ಇಲ್ಲಿ ಬಡಿದರೆ ಅಲ್ಲಿ ಕೇಳುತ್ತದೆ. ಇಷ್ಟು ವರ್ಷ ಆ ಕೋಣೆಯಲ್ಲಿ ಶೇಂಗಾ ಚೀಲ ಇದ್ದವು. ಶೇಂಗಾಕ್ಕೆ ನಿದ್ದೆ ಬೇಕಾಗಿರಲಿಲ್ಲ.

ಆ ವರ್ಷ ಚೀಲ ತೆಗೆದು, ಸುಣ್ಣ ಬಳಿಸಿ, ಖಾತುಮಾ ಆ ಕೋಣೆಯನ್ನು ಬಾಡಿಗೆಗೆ ಕೊಟ್ಟಳು. ಬಂದವಳು ಸುನಂದಾ, ಹುನಗುಂದದ ಹುಡುಗಿ. ಬಾದಾಮಿಯ ಒಂದು ದವಾಖಾನೆಯಲ್ಲಿ ನರ್ಸು. ಜೊತೆಯವಳು ಬಾಣಂತನಕ್ಕೆ ಹೋದದ್ದರಿಂದ ರಾತ್ರಿಪಾಳಿಯೆಲ್ಲ ಇವಳ ಪಾಲಿಗೆ ಬಂದಿತ್ತು. ಊರೆಲ್ಲ ಏಳುವ ಹೊತ್ತಿಗೆ, ಒದ್ದೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮಲಗಲು ಬರುತ್ತಿದ್ದಳು. ಅದೇ ಹೊತ್ತಿಗೆ ನನ್ನ ಕೈ ಹದಕ್ಕೆ ಬಂದಿರುತ್ತಿತ್ತು. ರೊಟ್ಟಿ ಮುಗಿದ ಮೇಲೆ ಒಳ್ಳುಕಲ್ಲಿನಲ್ಲಿ ಚಟ್ನಿ ಕುಟ್ಟುವುದು. ಅದೂ ಮುಗಿದು ಮಧ್ಯಾಹ್ನ ಅವಳಿಗೆ ಕಣ್ಣು ಹತ್ತಬೇಕೆನ್ನುವಾಗ ಖಾತುಮಾನ ಪಡಸಾಲೆಯಲ್ಲಿ ಟಿವಿ.

ಮೊದಲ ವಾರ ಬಾಗಿಲಿಗೆ ಬಂದು ಕೇಳಿದಳು. “ದೊಡ್ಡವ್ವಾ, ಸ್ವಲ್ಪ ಮೆಲ್ಲಗ ಬಡೀತೀರೇನ್ರಿ?”

“ಮೆಲ್ಲಗ ಬಡದ್ರ ಅದು ರೊಟ್ಟಿ ಆಗೂದಿಲ್ಲವ್ವಾ, ದ್ವಾಸಿ ಆಕ್ಕೈತಿ.”

“ಮತ್ತ ನಾ ಯಾವಾಗ ಮಲಗಲ್ರಿ?”

“ರಾತ್ರಿ ಮಲಗು. ದೇವರು ರಾತ್ರಿ ಮಾಡಿದ್ದು ಅದಕ್ಕ.”

ಅಷ್ಟು ಹೇಳಿ ನಾನು ಹಿಟ್ಟು ನಾದಿದೆ. ಎರಡನೆಯ ವಾರ ಅವಳು ಗೋಡೆ ಬಡಿದಳು. ನಾನೂ ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದೆ. ಓಣಿ ಎರಡಾಯಿತು. ಹೊಂಡದ ದಂಡೆಯಲ್ಲಿ ನನ್ನ ಎದುರು ಬುಟ್ಟಿ ಇಡುವ ಕಾಶವ್ವ ಎಂದೂ ನನ್ನ ಪರ ಇದ್ದವಳಲ್ಲ. ಇದರಲ್ಲಿ ಮಾತ್ರ ನನ್ನ ಪರ ನಿಂತಳು, ಯಾಕೆಂದರೆ ಅವಳೂ ಬಡಿಯುವವಳೇ. “ರೊಟ್ಟಿ ಸಪ್ಪಳ ಬ್ಯಾಡಂದ್ರ ರೊಟ್ಟಿ ಬ್ಯಾಡಂದಂಗ,” ಎಂದಳು. ನೀರಿನ ನಳದ ಹತ್ತಿರದ ಹೆಂಗಸರು ಹುಡುಗಿಯ ಪರ. “ಪಾಪ, ಮಾರಿ ನೋಡ್ರಿ, ಬೂದಿ ಬಡದಂಗ ಆಗೇತಿ,” ಎಂದು ನನಗೆ ಕೇಳುವಂತೆ ಹೇಳುತ್ತಿದ್ದರು.

ಅವಳ ಮುಖ ನಿಜಕ್ಕೂ ಹಾಗೆ ಆಗಿತ್ತು. ಒಂದು ಮುಂಜಾನೆ ಬಸ್ಸಿನಲ್ಲಿ ನಿದ್ದೆ ಹೋಗಿ, ನಮ್ಮೂರು ದಾಟಿ ಶಿವಯೋಗಮಂದಿರದ ತನಕ ಹೋಗಿಬಿಟ್ಟಳು. ಕಂಡಕ್ಟರ್ ಎಬ್ಬಿಸಿದಾಗ “ಇಂಜೆಕ್ಷನ್ ಆತೇನ್ರಿ?” ಎಂದು ಅವನ ಕೈ ಹಿಡಿದಳಂತೆ. ಊರೆಲ್ಲ ನಕ್ಕಿತು. ಅವಳು ನಗಲಿಲ್ಲ. ತನ್ನ ಕೋಣೆಯ ಹಾಸುಗಲ್ಲಿನ ಮೇಲೆ ಕೂತು ಖಾತುಮಾನ ಮುಂದೆ ಹೇಳಿದಳು: “ಚಾಚಿ, ರಾತ್ರಿ ಬಾಟ್ಲಿ ಮ್ಯಾಲಿನ ಅಕ್ಷರ ಓದತೇನ್ರಿ. ಓದಿದ್ದು ಖರೆನೋ ಸುಳ್ಳೋ ತಿಳಿಯೂದಿಲ್ಲ. ವಾರ್ಡಿನ ಆಯಾಳನ್ನ ಕರದು ಮತ್ತೊಮ್ಮಿ ಓದಸ್ತೇನಿ. ಅಕಿ ಇಲ್ಲದ ದಿನ ಏನ ಮಾಡ್ಲಿ? ನನ್ನ ಕಣ್ಣಿಂದ ನನಗ ಹೆದರಿಕಿ ಆಗೇತ್ರಿ.”

ನಾನು ಗೋಡೆಯ ಈಚೆ ಇದ್ದೆ. ಕಲ್ಲು ಆ ಕಡೆಗೆ ಒಯ್ದಂತೆ ಈ ಕಡೆಗೂ ತರುತ್ತದೆ, ಎಲ್ಲ ಕೇಳಿಸಿತು. ಕೇಳಿಸಿದ್ದರಿಂದ ನಾನು ಬದಲಾದೆ ಎಂದೇನೂ ಇಲ್ಲ. ಮರುದಿನವೂ ಬಡಿದೆ. ನನ್ನ ಬುಟ್ಟಿ ನಾನೇ ತುಂಬಬೇಕು.

ಆ ಶ್ರಾವಣದ ಮಳೆ ಜೋರಿನದಲ್ಲ, ಬಿಡದ್ದು. ಗುಡ್ಡದ ಕೆಂಪು ಕಲ್ಲು ನೆನೆದು ನೆನೆದು ಬೆಲ್ಲದ ಬಣ್ಣಕ್ಕೆ ಬಂದಿತ್ತು. ಹೊಂಡದ ನೀರಿನ ಮೇಲೆ ಹನಿ ಬಿದ್ದು ಕಂಬಗಳ ನೆರಳು ಕದಡಿ ಮತ್ತೆ ಕೂಡುತ್ತಿತ್ತು. ನೋಡುತ್ತಾ ಕೂತರೆ ಕಂಬವೇ ನಡೆಯುತ್ತಿದೆ ಎನ್ನಿಸುವುದು. ಮಳೆಗೆ ಮಂದಿ ಬೇಗ ಚದರುತ್ತಿದ್ದರು. ನಾವು ಬುಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ಮನೆಗೆ ಬಂದು ನೇರ ಖಾತುಮಾನ ಪಡಸಾಲೆಗೆ ಹೋಗುತ್ತಿದ್ದೆವು. ಅಲ್ಲಿ ಕೊರಿಯಾ ಇರುತ್ತಿತ್ತು.

ಸೀರಿಯಲ್ಲು ಹಿಂದಿಯಲ್ಲಿ. ನಮ್ಮಲ್ಲಿ ಹಿಂದಿ ತಿಳಿಯುವವಳು ಖಾತುಮಾ ಒಬ್ಬಳೇ. ಅವಳು ಕೇಳಿ, ಅಡಿಕೆ ಕತ್ತರಿಸುತ್ತಾ ನಮಗೆ ಹೇಳುವಳು. ಆ ಊರಲ್ಲೂ ಸಂದಿ, ಮೆಟ್ಟಿಲು, ಒಣಹಾಕಿದ ಕೆಂಪು ಮೆಣಸಿನಕಾಯಿ. ಒಬ್ಬಳ ಹಣ್ಣಿನ ಗಿಡದ ಟೊಂಗೆ ಇನ್ನೊಬ್ಬಳ ಅಂಗಳಕ್ಕೆ ಬಂದು ಜಗಳ. ಒಬ್ಬಳು ಕೊಳೆಹಾಕಿದ ಕೋಸಿನ ವಾಸನೆಗೆ ಇನ್ನೊಬ್ಬಳು ಮೂಗು ಮುಚ್ಚಿಕೊಂಡು ಜಗಳ. ಗಾಡಿ ನಿಲ್ಲಿಸುವ ಜಾಗಕ್ಕೆ ಒಬ್ಬ ಮುರುಕು ಕುರ್ಚಿ ಇಟ್ಟದ್ದಕ್ಕೆ ಜಗಳ.

“ಜಾಗಾ ಹಿಡ್ಯಾಕ ಕುರ್ಚಿ!” ಕಾಶವ್ವನ ಕಣ್ಣು ಅರಳಿತು. “ನಾಳಿಂದ ಗಿಡದ ಬುಡಕ ನಾನೂ ಒಂದು ಇಡತೇನಿ.”

“ಇಟ್ಟು ನೋಡು. ಅದರ ಕಾಲು ಮುರದು ಒಲಿಗಿ ಹಾಕತೇನಿ,” ಎಂದೆ.

“ಏ, ಸುಮ್ಮ ಕುಂದರ್ರೆ! ಕಚೇರ್ಯಾಕಿ ಬಂದ್ಲು,” ಎಂದು ಖಾತುಮಾ ಗದರುವಳು. ಉದ್ದ ಕುತ್ತಿಗೆಯವಳು ಕೊಡೆ ಮಡಚಿ ಒಳಗೆ ಬಂದರೆ ಪಡಸಾಲೆಯೆಲ್ಲ ಗಪ್‌ಚಿಪ್. ಹೊರಗೆ ನಮ್ಮ ಮಳೆ, ಒಳಗೆ ಅವರ ಮಳೆ. ಎಷ್ಟೋ ಸಲ ಯಾವುದು ಯಾವ ಊರಿನದು ಎಂದು ಮರೆತು, ಬಟ್ಟೆ ತೆಗೆಯಲು ಅಂಗಳಕ್ಕೆ ಓಡಿದ್ದುಂಟು.

ಆ ಸಪ್ಪಳದ ಕತೆ ಬಂದ ದಿನ ನಡುವೆಯೇ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಸುನಂದಾ ಕೌದಿ ಹೊದ್ದುಕೊಂಡು ನಿಂತಿದ್ದಳು. ಕಣ್ಣು ಮುಚ್ಚಿಯೇ ಇದ್ದವು.

“ಚಾಚಿ, ದನಿ ಸ್ವಲ್ಪ ಸಣ್ಣ ಮಾಡ್ರಿ. ನಿಮ್ಮ ಕಾಲಿಗೆ ಬೀಳತೇನಿ.”

ಟಿವಿಯಲ್ಲಿ ಕೆಳಗಿನ ಮನೆಯವಳು ಅಳುತ್ತಿದ್ದಳು, ಬಾಗಿಲಲ್ಲಿ ಇವಳು. ಹೆಂಗಸರೆಲ್ಲ ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ನಾನು ಟಿವಿ ನೋಡಿದೆ. ಕಚೇರಿಯವಳು ಏನೋ ಬಹಳ ಹೊತ್ತು ಮಾತಾಡಿದಳು.

“ಏನಂದ್ಲು?” ಕಾಶವ್ವ ಕೇಳಿದಳು.

ಖಾತುಮಾ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. “ಆ ದೇಶದಾಗ ಒಂದು ಕಾಯ್ದೆ ಐತಂತ,” ಎಂದಳು. “ಯಾರ ಮ್ಯಾಲೆ ತಕರಾರು ಐತೋ, ಮೊದಲ ಅವರ ಮನ್ಯಾಗ ಕುಂತು ಹೊಟ್ಟಿ ತುಂಬ ಉಣಬೇಕು. ಉಣ್ಣೂತನಾ ಜಗಳದ ಮಾತು ಆಡಂಗಿಲ್ಲ. ಉಂಡ ಮ್ಯಾಲೆ ತಕರಾರು ಉಳದಿದ್ರ ಕಚೇರಿಗಿ ಬರಬೇಕು. ಉಣದ ಬಂದವರ ಅರ್ಜಿ ತಗೊಳ್ಳೂದ ಇಲ್ಲ.”

“ಕೊರಿಯಾದವರು ಭಾಳ ಶಾಣ್ಯಾರ ಬಿಡವಾ,” ಎಂದಳು ಕಾಶವ್ವ.

“ಉಣ್ಣಾಕ ಹಾಕೂ ಮನ್ಯಾಕಿಗೆ ಕೇಳೂದಿಲ್ಲೇನ?” ಎಂದೆ ನಾನು.

“ಇಲ್ಲಂತ. ಅಕಿ ಹಾಕಾಕ ಬೇಕು. ಕಾಯ್ದೆ.”

ಎಲ್ಲರೂ ಖಾತುಮಾನ ಬಾಯಿಯನ್ನೇ ನೋಡುತ್ತಿದ್ದೆವು, ಟಿವಿಯಲ್ಲಿ ಮುಂದಿನದನ್ನು ಯಾರೂ ನೋಡಲಿಲ್ಲ, ನಂಬಿದೆವು. ಪರದೇಶದ ಸರಕಾರ ಹೇಳಿದ್ದನ್ನು ಚೊಳಚಗುಡ್ಡದಲ್ಲಿ ನಡೆಸದಿದ್ದರೆ ಮರ್ಯಾದೆ ಹೋಗುತ್ತದೆ ಎಂಬಂತೆ ಮರುದಿನ ಮುಂಜಾನೆಗೇ ಊಟ ನಿಕ್ಕಿಯಾಯಿತು. ಈಗ ಯೋಚಿಸಿದರೆ ಇನ್ನೊಂದು ಹೊಳೆಯುತ್ತದೆ. ಸುನಂದಾಗೆ ಹಿಂದಿ ಬರುತ್ತಿತ್ತು. ಬಾದಾಮಿಯ ಗುಡಿ ನೋಡಲು ಬಂದು ಜಡ್ಡು ಬಿದ್ದವರ ಜೊತೆ ದಿನಾ ಮಾತಾಡುತ್ತಿದ್ದಳು. ಟಿವಿಯಲ್ಲಿ ಚಪ್ಪಲಿ, ಚಾಪೆ ಎಂದಿದ್ದನ್ನು ಅವಳು ಕೇಳಿಯೇ ಇರಬೇಕು. ಆದರೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಖಾತುಮಾನ ಕಾಯ್ದೆಯನ್ನು ಸುಳ್ಳೆನ್ನಲಿಲ್ಲ.

ಮುಂಜಾನೆ ಖಾತುಮಾ ಅವಳನ್ನು ಕರೆದುಕೊಂಡು ಬಂದಳು. ಎರಡು ಹೆಜ್ಜೆ ಆಚೆಯ ಬಾಗಿಲಿಗೆ ಕೊಡೆ ಹಿಡಿದು ಬಂದಿದ್ದಳು, ಆ ಕಚೇರಿಯವಳ ಹಾಗೆ. ಮಡಚಿ ಹೊಸ್ತಿಲಿಗೆ ಒರಗಿಸಿ ತಾನೂ ಹೊಸ್ತಿಲ ಮೇಲೆ ಕೂತಳು. “ಹೂಂ, ಶುರು ಮಾಡ್ರಿ.”

ಹಂಚಿನಿಂದ ಇಳಿಯುವ ಮೊದಲ ರೊಟ್ಟಿಯನ್ನು ನಾವು ಮಾರುವುದಿಲ್ಲ. ಅದು ಬಂದವರಿಗೆ, ಯಾರೂ ಬರದಿದ್ದರೆ ಆಕಳಿಗೆ. ಅಂದು ತೆಗೆದಿಟ್ಟಿದ್ದ ಅದನ್ನು ತಾಟಿಗೆ ಹಾಕಿ, ಚಟ್ನಿ, ಮೊಸರು ಇಟ್ಟು ಹುಡುಗಿಯ ಮುಂದೆ ತಳ್ಳಿದೆ. ಒಳ್ಳೆಯ ಮಾತು ಆಡಲು ನನಗೆ ಬರುವುದಿಲ್ಲ, ಹೊತ್ತೂ ಇರಲಿಲ್ಲ. ಕೈ ನಿಲ್ಲಿಸಿದರೆ ಹಂಚು ಕಾದು ಕೆಡುತ್ತದೆ. ನಾನು ಬಡಿಯುತ್ತಿದ್ದೆ, ಅವಳು ಉಣ್ಣುತ್ತಿದ್ದಳು. ಉಬ್ಬಿದ ಇನ್ನೊಂದು ರೊಟ್ಟಿ ಹಾಕಲು ತಿರುಗಿದರೆ ಅವಳ ತಲೆ ಗೋಡೆಗೆ ಒರಗಿತ್ತು. ಕೈ ತಾಟಿನಲ್ಲಿಯೇ ಇತ್ತು. ತುತ್ತು ಕಲಸಿದ ಬೆರಳು ಹಾಗೇ ಸಡಿಲಾಗಿದ್ದವು.

“ಸತ್ತಳೇನ?” ಎಂದೆ.

“ನಿನ್ನ ಬಾಯಿಗಿ ಬೆಂಕಿ ಹಾಕ್ಲಿ. ನಿದ್ದಿ ಹತ್ತೈತಿ.” ಖಾತುಮಾ ಎದ್ದು ಬಂದು ಅವಳ ಬೆರಳು ಒರೆಸಿ, ತಾಟು ಸರಿಸಿ, ಕೌದಿಯ ಮೇಲೆ ಉರುಳಿಸಿದಳು. ಹುಡುಗಿಗೆ ಎಚ್ಚರ ಇಲ್ಲ.

ನಾನು ಹಿಟ್ಟಿನ ಉಂಡೆ ಕೈಯಲ್ಲಿ ಹಿಡಿದು ಕೂತಿದ್ದೆ. “ಈಗ ನಾ ಏನ ಮಾಡ್ಲಿ? ಬಡೀಲೋ ಬ್ಯಾಡೋ?”

ಖಾತುಮಾ ಕೊಡೆ ಎತ್ತಿಕೊಂಡಳು. “ಬಡಿ. ನೋಡೂನು.”

ಬಡಿದೆ. ಅವಳು ಮಲಗಿದ್ದಳು. ಗೋಡೆಯ ಆಚೆ ಯಾವ ಸದ್ದು ಅವಳ ತಲೆಗೆ ಗುದ್ದಿದ ಹಾಗೆ ಆಗುತ್ತಿತ್ತೋ, ಅದರ ಪಕ್ಕದಲ್ಲೇ, ಒಲೆಯ ಕಾವಿನಲ್ಲಿ, ಬಾಯಿ ತೆರೆದು ಮಲಗಿದ್ದಳು. ಕಾಣದ ಸಪ್ಪಳ ಬೇರೆ, ಕಂಡ ಸಪ್ಪಳ ಬೇರೆ ಇರಬೇಕು. ನನಗೆ ತಿಳಿಯದು.

ಆಮೇಲೆ ಶ್ರಾವಣವೆಲ್ಲ ಹಾಗೇ ನಡೆಯಿತು. ಬಸ್ಸು ಇಳಿದು ನೇರ ನನ್ನ ಮನೆಗೆ ಬರುವಳು, ಮೊದಲ ರೊಟ್ಟಿ ಉಣ್ಣುವಳು, ಮಲಗುವಳು, ನಾನು ಹೊಂಡಕ್ಕೆ ಹೋದ ಮೇಲೂ ಏಳುತ್ತಿರಲಿಲ್ಲ. ಪ್ರೀತಿಗೆ ಮಾಡಿದ್ದಲ್ಲ. ಮಲಗಿದವರು ಗೋಡೆ ಬಡಿಯುವುದಿಲ್ಲ, ನನಗೆ ಅಷ್ಟೇ ಬೇಕಾಗಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಮಳೆಯ ಬಿಳಿ ಬೆಳಕು ಹೊಗೆಯೊಳಗೆ ಇಳಿದು ನೀರಿನಂತೆ ಆಡುತ್ತಿತ್ತು. ಅದರ ತಳದಲ್ಲಿ ಅವಳು. ಹೊಂಡದ ತಳದಲ್ಲಿ ಮಲಗಿದ ಹಾಗೆ. ಒಮ್ಮೊಮ್ಮೆ ನಿದ್ದೆಯಲ್ಲಿ ಮಾತಾಡುವಳು.

“ಸಲೈನ್ ಮುಗೀತ್ರಿ... ಬದಲಿ ಮಾಡ್ರಿ...”

“ಮಾಡೇನಿ. ಮಲ್ಕೋ,” ಎನ್ನುತ್ತಿದ್ದೆ.

ಒಂದೆರಡು ದಿನ ಮೆಲ್ಲಗೆ ಬಡಿದು ನೋಡಿದೆ. ಹೊಂಡದ ದಂಡೆಯಲ್ಲಿ ಗದಗಿನ ಗಿರಾಕಿಯೊಬ್ಬ, “ಯಾಕಬೇ, ರೊಟ್ಟಿ ಕಂಬಳಿ ಆದಂಗ ಆಗೇತಲ್ಲ?” ಎಂದ. ಅದೂ ಅಲ್ಲದೆ, ಸಪ್ಪಳ ಇಳಿದರೆ ಹುಡುಗಿ ಹೊರಳಾಡುತ್ತಿದ್ದಳು. ನಿದ್ದೆ ಗಟ್ಟಿಯಾಗುವ ಮೊದಲೇ ನಿಂತರೆ ಕಣ್ಣು ಬಿಟ್ಟು, “ಯಾಕ್ರಿ ದೊಡ್ಡವ್ವಾ?” ಎನ್ನುತ್ತಿದ್ದಳು. ಮತ್ತೆ ಮೊದಲಿನಂತೆಯೇ ಬಡಿದೆ. ಅವಳ ಮುಖಕ್ಕೆ ಬಣ್ಣ ಬಂತು. ಬಾಟಲಿಯ ಅಕ್ಷರ ಈಗ ಒಮ್ಮೆ ಓದಿದರೆ ಸಾಕು ಎಂದು ಖಾತುಮಾನ ಮುಂದೆ ಹೇಳಿದಳಂತೆ.

ಶ್ರಾವಣ ಮುಗಿಯುತ್ತಾ ಬಂದ ಒಂದು ಮುಂಜಾನೆ ಅವಳು ಬಂದು ತಾಟಿನ ಮುಂದೆ ಕೂರಲಿಲ್ಲ. ಗೋಡೆಗೆ ಮುಖ ಮಾಡಿ ಕೂತಳು.

“ಉಣ್ಣವಾ.”

“ಒಂದು ಕೂಸು ಉಳೀಲಿಲ್ರಿ,” ಎಂದಳು. “ಎಲ್ಲಾ ಮಾಡಿದಿವಿ. ಸರಿಯಾಗೇ ಮಾಡಿದಿವಿ. ಉಳೀಲಿಲ್ಲ.”

ನಾನು ಹಿಂತಿರುಗಿ ಹಿಟ್ಟು ತೆಗೆದುಕೊಂಡೆ. ಅವಳು ಮಲಗಿದಳು, ಆದರೆ ಕಣ್ಣು ತೆರೆದೇ ಇದ್ದವು. ಬೆಳಕಿಂಡಿ ನೋಡುತ್ತಿದ್ದಳು. ನಾನು ರೊಟ್ಟಿಯ ಮೇಲೆ ರೊಟ್ಟಿ ಬಡಿದೆ, ಬುಟ್ಟಿ ತುಂಬುತ್ತಾ ಬಂತು. ಹಿಟ್ಟಿನ ತಳ ಕಾಣುವ ಹೊತ್ತಿಗೆ ಅವಳ ರೆಪ್ಪೆ ಇಳಿದವು. ಉಸಿರು ಉದ್ದವಾಯಿತು.

ಕೊನೆಯ ರೊಟ್ಟಿ ಹಂಚಿಗೆ ಹೋಯಿತು. ನನ್ನ ಕೈ ನಿಂತಿತು. ನಿಂತದ್ದೇ ತಡ, ಅವಳ ಹುಬ್ಬು ಅಲುಗಿತು.

ನಾನು ಅಂಗೈ ಇಳಿಸಿ ಬರೀ ಕಲ್ಲಿನ ಮೇಲೆ ಬಡಿದೆ. ಹುಬ್ಬು ಸುಮ್ಮನಾಯಿತು. ಮತ್ತೆ ಬಡಿದೆ. ಹಿಟ್ಟಿಲ್ಲದ ಕಲ್ಲು ತಣ್ಣಗೆ, ಗಟ್ಟಿಯಾಗಿ ಕೈಗೆ ಹತ್ತುತ್ತದೆ. ಹೊರಗೆ ಬನಶಂಕರಿಯ ಕಡೆ ಹೋಗುವ ಬಸ್ಸು ಹಾರ್ನ್ ಹೊಡೆಯಿತು. ಕಾಶವ್ವ ಬುಟ್ಟಿ ಹೊತ್ತು ನನ್ನ ಬಾಗಿಲ ಮುಂದೆ ಹೋಗುತ್ತಾ, “ಬರೂದಿಲ್ಲೇನ?” ಎಂದು ಕೂಗಿದಳು. ನಾನು ಎದ್ದರೆ ಸಪ್ಪಳ ನಿಲ್ಲುತ್ತಿತ್ತು. ಗಿಡದ ಕೆಳಗಿನ ಜಾಗ ಅಂದು ಅವಳಿಗೆ ಹೋಯಿತು.

ಖಾತುಮಾ ಬಾಗಿಲಿಗೆ ಬಂದು ಇಣುಕಿದಳು. ತುಂಬಿದ ಬುಟ್ಟಿ ನೋಡಿದಳು, ಆರಿದ ಒಲೆ ನೋಡಿದಳು.

“ಏನ ಬಡೀತಿ?”

“ರೊಟ್ಟಿ.”

“ಹಿಟ್ಟೆಲ್ಲೈತಿ?”

“ಸುಮ್ಮ ಹೋಗ ನೀ.”

ಅವಳು ಹೋಗಲಿಲ್ಲ. ಹುಡುಗಿಯ ಮುಖ ನೋಡುತ್ತಾ ನಿಂತಳು. ಆಮೇಲೆ ಬಂದು ನನ್ನ ಎದುರು ಕಲ್ಲಿನ ಆ ಬದಿಗೆ ಕೂತು, ಬಳೆಗಳನ್ನು ಮೊಣಕೈಯ ತನಕ ಮೇಲಕ್ಕೆ ಸರಿಸಿಕೊಂಡಳು. ನನ್ನ ಕೈ ಸೋತಾಗ ಅವಳು ಬಡಿದಳು, ಅವಳ ಕೈ ಸೋತಾಗ ನಾನು. ನಡುವೆ ಒಂದು ಕ್ಷಣವೂ ಬಿಡಲಿಲ್ಲ. ಅವಳ ಬಡಿತ ನನ್ನಷ್ಟು ಚಲೋ ಇರಲಿಲ್ಲ. ಆದರೂ ಹುಡುಗಿ ಏಳಲಿಲ್ಲ.